ಅರವತ್ತು ರೊಟ್ಟಿ, ಒಂದು ಸಮುದ್ರ

ಸಮುದ್ರ ನೋಡಿ ಬಂದವರು ನಮ್ಮ ಓಣಿಯಲ್ಲಿ ನಾಲ್ಕೈದು ಮಂದಿ ಇದ್ದಾರೆ. ಅವರೆಲ್ಲರೂ ಬಂದ ಮರುದಿನ ಕಟ್ಟೆಯ ಮೇಲೆ ಕೂತು, ಕಣ್ಣು ಅರ್ಧ ಮುಚ್ಚಿ, "ಏನ್ ಹೇಳ್ಲಿ ಅಕ್ಕಾರ, ಅದರ ಮುಂದ ನಿಂತ್ರ ಮಾತ ಬರೂದಿಲ್ಲ ನೋಡ್ರಿ" ಎನ್ನುತ್ತಾರೆ. ಹಾಗೆಂದ ಮೇಲೆ ಒಂದು ತಾಸು ಬಿಡದೆ ಮಾತಾಡುತ್ತಾರೆ. ನನಗೆ ಹಾಗಾಗಲಿಲ್ಲ. ಸಮುದ್ರದ ಮುಂದೆ ನಿಂತಾಗ ನನಗೆ ಮಾತು ಬಂತು, ಬೇಕಾದಷ್ಟು ಬಂತು. ಅವುಗಳಲ್ಲಿ ಕೆಲವನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾನು ಸಮುದ್ರದ ಜೊತೆ ಮೂರು ದಿನ ಜಗಳವಾಡಿ ಬಂದ ಹೆಂಗಸು. ತಪ್ಪು ಅದರದೇ ಎಂದು ಅಲ್ಲಿಯೂ ಹೇಳಿದೆ, ಊರಿಗೆ ಬಂದ ಮೇಲೂ ಹೇಳುತ್ತಿದ್ದೇನೆ. ಪೂರ್ತಿ ಕೇಳಿ, ಆಮೇಲೆ ನೀವೇ ನ್ಯಾಯ ಹೇಳಿ. ನಿಮ್ಮ ನ್ಯಾಯ ನನಗೆ ಒಪ್ಪಿಗೆಯಾಗದಿದ್ದರೆ ಅದು ಬೇರೆ ಮಾತು.

ನಾನು ರೋಣದವಳು. ಬಿ.ಎ. ಪಾಸಾಗಿದ್ದೇನೆ, ಮನೆಯ ಹಿಂದಿನ ಪತ್ರಾಸ್ ತಗಡಿನ ಶೆಡ್ಡಿನಲ್ಲಿ ಖಡಕ್ ರೊಟ್ಟಿಯ ಕೇಂದ್ರ ನಡೆಸುತ್ತೇನೆ. ಎರಡರಲ್ಲಿ ಯಾವುದು ಹೆಚ್ಚು ಉಪಯೋಗಕ್ಕೆ ಬಂತು ಎಂದು ಯಾರಾದರೂ ಕೇಳಿದರೆ ಶೆಡ್ಡಿನ ಕಡೆ ಕೈ ತೋರಿಸುತ್ತೇನೆ. ಮೂರು ಒಲೆ, ಮೂರು ಹಂಚು, ನನ್ನ ಜೊತೆಗೆ ಹಸೀನಾ, ಶಾಂತವ್ವ ಎಂಬ ಇಬ್ಬರು. ಖಡಕ್ ರೊಟ್ಟಿ ಎಂದರೇನೆಂದು ತಿಳಿಯದ ಪಾಪದವರಿಗಾಗಿ ಹೇಳುತ್ತೇನೆ: ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಅಂಗೈಯಿಂದ ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಬದಿಗೆ ಒರಗಿಸಿ ಒಣಗಿಸಿದ ರೊಟ್ಟಿ. ಹದವಾಗಿ ಒಣಗಿದ್ದು ಎರಡು ತಿಂಗಳು ಕೆಡುವುದಿಲ್ಲ. ಮುರಿದರೆ ಚಟ್ ಎನ್ನಬೇಕು. ಬಗ್ಗಿತೋ, ಅದನ್ನು ನಮ್ಮ ಕೇಂದ್ರದಲ್ಲಿ ದನಕ್ಕೆ ಹಾಕುತ್ತೇವೆ. "ನಮ್ಮನಿಯಾಗ ಬಗ್ಗೂ ಪದ್ಧತಿ ರೊಟ್ಟಿಗೂ ಇಲ್ರಿ, ಮಾಡಾಕಿಗೂ ಇಲ್ರಿ" ಎಂದು ನಮ್ಮ ಯಜಮಾನರು ಬಂದವರ ಮುಂದೆಲ್ಲ ಹೇಳುತ್ತಾರೆ. ಅದನ್ನು ನಾನು ಹೊಗಳಿಕೆಯೆಂದೇ ತಿಳಿದುಕೊಂಡು ಬಂದಿದ್ದೇನೆ.

ನನಗೆ ಒಬ್ಬಳೇ ತಂಗಿ, ಕಸ್ತೂರಿ. ನನಗಿಂತ ಎಂಟು ವರ್ಷ ಚಿಕ್ಕವಳು. ರೊಟ್ಟಿ ಬಡಿಯುವುದನ್ನು ಅವಳಿಗೆ ಕಲಿಸಿದವಳು ನಾನು. ಅವಳ ಪುಟ್ಟ ಅಂಗೈಗಳನ್ನು ಹಿಡಿದು ಹಿಟ್ಟಿನ ಮೇಲೆ ಇಟ್ಟು ತಿರುಗಿಸಿದ್ದು ಇನ್ನೂ ನೆನಪಿದೆ. ಅವಳ ಗಂಡ ಮಲ್ಲಿಕಾರ್ಜುನ ಸರಕಾರಿ ನೌಕರ. ಎರಡು ವರ್ಷದ ಹಿಂದೆ ಅವರಿಗೆ ಹೊನ್ನಾವರದ ಆಚೆಯ ಒಂದು ಮೀನುಗಾರರ ಊರಿಗೆ ವರ್ಗವಾಯಿತು. ಆ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಊರು ಚಲೋ ಇದೆ, ಜನ ಇನ್ನೂ ಚಲೋ ಇದ್ದಾರೆ, ಆದರೆ ಅಲ್ಲಿ ನನ್ನ ಮರ್ಯಾದೆ ಹೋದದ್ದು ಯಾವ ಬೀದಿಯಲ್ಲಿ ಎಂದು ನೀವು ಹುಡುಕಿಕೊಂಡು ಹೋಗುವುದು ಬೇಡ. ಹೋದ ಹೊಸದರಲ್ಲಿ ಕಸ್ತೂರಿ ಫೋನಿನಲ್ಲಿ, "ಅಕ್ಕಾ, ಇಲ್ಲಿ ರೊಟ್ಟಿ ನಿಲ್ಲಂಗಿಲ್ಲ. ಮುಂಜಾನೆ ಮಾಡಿದ್ದು ಸಂಜಿಗೆ ಮೆತ್ತಗ ಆಗ್ತಾವ" ಎನ್ನುತ್ತಿದ್ದಳು. ನಾನು, "ನೀರ ಹೆಚ್ಚ ಹಾಕಿರ್ತಿ" ಎನ್ನುತ್ತಿದ್ದೆ. ಮುಂದಿನ ಸಲ, "ಹಿಟ್ಟ ಸರಿ ನಾದಿರೂದಿಲ್ಲ" ಎನ್ನುತ್ತಿದ್ದೆ. ಅದರ ಮುಂದಿನ ಸಲ, "ನಿನಗ ಅನ್ನದ ರುಚಿ ಹತ್ತೇತಿ" ಎಂದೆ. ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳ ಬೇರೆ ಇಲ್ಲ.

ಅಷ್ಟಕ್ಕೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹೋದ ವರ್ಷ ಅಬ್ಬಿಗೇರಿಯಲ್ಲಿ ನಮ್ಮ ಸೋದರಮಾವನ ಸೊಸೆಯ ಸೀಮಂತ. ಕಸ್ತೂರಿ ಅಷ್ಟು ದೂರದಿಂದ ತಾನೇ ಮಾಡಿದ ಮೂವತ್ತು ರೊಟ್ಟಿಯನ್ನು ಗಂಟು ಕಟ್ಟಿಕೊಂಡು ಬಂದಿದ್ದಳು. ಪಂಕ್ತಿಗೆ ಕೂತ ಹೆಂಗಸರ ನಡುವೆ ನಾನು ಗಂಟು ಬಿಚ್ಚಿದೆ. ಒಂದನ್ನು ಎತ್ತಿ ಮುರಿದೆ, ಅದು ಮುರಿಯಲಿಲ್ಲ. ಆಗ ನನ್ನೊಳಗೆ ಯಾವ ದೇವರು ಹೊಕ್ಕಿದ್ದನೋ, ಆ ರೊಟ್ಟಿಯನ್ನು ಕರವಸ್ತ್ರದ ಹಾಗೆ ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ತಂಗಿ, ನಿನ್ನ ಕೈ ಸಡ್ಲ ಆಗೇತಿ ನೋಡವಾ" ಎಂದೆ. ಇಡೀ ಪಂಕ್ತಿ ನಕ್ಕಿತು. ಬಸುರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಸ್ತೂರಿಯೂ ನಕ್ಕಳು. ನಕ್ಕಳಲ್ಲ, ಇನ್ನೇನು ಎಂದು ನಾನು ಅದನ್ನು ಅಲ್ಲಿಗೇ ಮರೆತೆ.

ಆಮೇಲೆ ಅವಳ ಫೋನು ಕಡಿಮೆಯಾಯಿತು. ಮಾಡಿದರೂ ಹವಾ, ಮಳೆ, ಗಂಡನ ಮೊಣಕಾಲು ನೋವು, ಇಷ್ಟೇ. ರೊಟ್ಟಿಯ ಸುದ್ದಿ ಇಲ್ಲ. ಈ ಸಲ ದೀಪಾವಳಿ ಮುಗಿದ ಮೇಲೆ ಒಂದು ದಿನ ಅವಳೇ ಕರೆದಳು: "ಒಮ್ಮೆ ಬಂದ ಹೋಗ ಅಕ್ಕಾ. ಸಮುದ್ರ ನೋಡಿದಂಗ ಆಗ್ತೇತಿ. ನಮ್ಮ ಮನಿ ಮಾಲಕ್ಕಿ ಗಿರಿಜಮ್ಮಗ ಜ್ವಾಳದ ರೊಟ್ಟಿ ತಿನ್ನೂ ಆಸೆ ಐತಂತ." ನನಗೆ ಸಮುದ್ರ ಕೇಳಿಸಲಿಲ್ಲ, ರೊಟ್ಟಿ ಕೇಳಿಸಿತು. "ನಾ ತರ್ತೀನಿ ತಡಿ. ರೊಟ್ಟಿ ಅಂದ್ರ ಹ್ಯಾಂಗ ಇರ್ತೇತಿ ಅಂತ ನಿನಗೂ ತೋರಸ್ತೀನಿ, ನಿನ್ನ ಸಮುದ್ರಕ್ಕೂ ತೋರಸ್ತೀನಿ" ಎಂದೆ.  ಅವಳು "ಬಾ" ಎಂದಳು.

ಅರವತ್ತು ರೊಟ್ಟಿಯನ್ನು ನಾನೇ ಕೂತು ಬಡಿದೆ. ಅವುಗಳ ತೆಳುವು, ದುಂಡು, ಒಣಗಿದ ಬಗೆ, ಯಾವುದರಲ್ಲೂ ಬೆರಳಿಡುವ ಹಾಗಿರಲಿಲ್ಲ. ಬಿದಿರಿನ ಬುಟ್ಟಿಯಲ್ಲಿ ಬಿಳಿ ಧೋತರ ಹಾಸಿ, ಮೇಲೊಂದು ಧೋತರ ಮುಚ್ಚಿ ಕಟ್ಟುತ್ತಿದ್ದಾಗ ಹಸೀನಾ ಬಂದು, "ಅಕ್ಕಾರ, ಪ್ಲಾಸ್ಟಿಕ್ ಡಬ್ಬಿಯೊಳಗ ಹಾಕಿ ಬಿಗಿ ಮುಚ್ಚಿ ಒಯ್ರಿ. ನಮ್ಮ ಚಿಗವ್ವ ಭಟ್ಕಳದಾಗ ಇರ್ತಾಳ, ಅಲ್ಲಿ ಹವಾ ಹಸೀ ಇರ್ತೇತಂತ" ಎಂದಳು. ನಾನು ಅವಳನ್ನು ಕನಿಕರದಿಂದ ನೋಡಿದೆ. ನಮ್ಮ ಅಜ್ಜಿ ಬುಟ್ಟಿಯಲ್ಲಿ ಧೋತರ ಸುತ್ತಿ ಇಡುತ್ತಿದ್ದಳು, ಅವ್ವ ಹಾಗೇ ಇಡುತ್ತಿದ್ದಳು. ಗಾಳಿ ಆಡಿದಷ್ಟೂ ರೊಟ್ಟಿ ಗರಿಗರಿಯಾಗುತ್ತದೆ ಎನ್ನುವುದು ರೋಣ ತಾಲೂಕಿನಲ್ಲಿ ಕೂಸಿಗೂ ಗೊತ್ತು. "ರೊಟ್ಟಿಗೆ ಉಸಿರಾಡಾಕ ಗಾಳಿ ಬೇಕು, ಹಸೀನಾ" ಎಂದೆ. "ಎಲ್ಲೀ ಗಾಳಿರಿ, ಇಲ್ಲಿದೋ ಅಲ್ಲಿದೋ?" ಎಂದಳು. ನನಗೆ ಬಸ್ಸಿಗೆ ಹೊತ್ತಾಗಿತ್ತು. ಕೇಂದ್ರ ನೋಡಿಕೊಳ್ಳಲು ಯಜಮಾನರು ಊರಲ್ಲೇ ಉಳಿದರು. "ಸಮುದ್ರಕ್ಕ ನನ್ನ ನಮಸ್ಕಾರ ಹೇಳು. ಹೆದರಸಬ್ಯಾಡ ಅದನ್ನ" ಎಂದು ಬಸ್ ಸ್ಟ್ಯಾಂಡಿನಲ್ಲಿ ಹೇಳಿದರು.

ಹುಬ್ಬಳ್ಳಿಯವರೆಗೆ ಬುಟ್ಟಿ ನನ್ನ ಪಕ್ಕದ ಸೀಟಿನ ಮೇಲೆ, ಅಲ್ಲಿಂದ ಮುಂದೆ ತೊಡೆಯ ಮೇಲೆ. ಕಪ್ಪು ಎರೆಭೂಮಿ ಮುಗಿದು ಕೆಂಪು ಮಣ್ಣು ಬಂತು, ಕೆಂಪು ಮಣ್ಣೂ ಕಾಣದಷ್ಟು ಗಿಡಗಳು ಬಂದವು. ಘಟ್ಟ ಇಳಿಯುವ ತಿರುವುಗಳಲ್ಲಿ ಬಸ್ಸಿನ ಅರ್ಧ ಜನ ಕಿಟಕಿಗೆ ಬಾಯಿ ಕೊಟ್ಟರು. ನಾನು ಬುಟ್ಟಿಯನ್ನು ಅಪ್ಪಿಕೊಂಡು ಕೂತೆ. ಯಾರೋ, "ಒಳಗ ಏನೈತ್ರಿ, ದೇವರ?" ಎಂದು ಕೇಳಿದರು. ಕೆಳಗಿಳಿದಂತೆ ಕುಪ್ಪಸ ಬೆನ್ನಿಗೆ ಅಂಟಿತು, ಕುತ್ತಿಗೆಯಲ್ಲಿ ನೀರಿಳಿಯಿತು. ಇದು ಸೆಕೆ ಎಂದುಕೊಂಡೆ. ಬಿಸಿಲಿಗೆ ಹೆದರುವ ರೊಟ್ಟಿ ನನ್ನದಲ್ಲ ಎಂದೂ ಅಂದುಕೊಂಡೆ.

ಕಸ್ತೂರಿಯ ಮನೆ ಮಹಡಿಯ ಮೇಲೆ. ಕೆಳಗೆ ಗಿರಿಜಮ್ಮ ಇರುತ್ತಾಳೆ. ಅವಳ ಗಂಡನಿಗೆ ಬೋಟಿದೆ. ಮನೆಯ ಮುಂದೆ ದೊಡ್ಡ ಸಿಮೆಂಟಿನ ಅಂಗಳ, ಅದರ ತುಂಬ ಬಲೆ ಹಾಸಿ ಮೀನು ಒಣಗಲು ಹಾಕಿದ್ದರು. ನಾವು ಮೀನು, ಮಾಂಸ ಮುಟ್ಟದ ಮನೆಯವರು. ಕಸ್ತೂರಿ ಮೊದಲ ತಿಂಗಳು ಮೂಗಿಗೆ ಸೆರಗು ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳಂತೆ, ಈಗ ಗಾಳಿ ಬೀಸಿದ ದಿಕ್ಕಿನಿಂದ ಯಾವ ಮೀನೆಂದು ಹೇಳುತ್ತಾಳೆ. ಕೈಕಾಲು ತೊಳೆದು ಅಡುಗೆಮನೆಗೆ ಹೋದೆ. ಗೋಡೆಯ ಮೊಳೆಗೆ ರೊಟ್ಟಿಯ ಹಂಚು ತೂಗು ಹಾಕಿತ್ತು. ಮದುವೆಯಲ್ಲಿ ನಾನೇ ಕೊಟ್ಟ ಹಂಚು. ಮುಟ್ಟಿದರೆ ಬೆರಳಿಗೆ ಕೆಂಪಗೆ ತುಕ್ಕು ಹತ್ತಿತು. ನಾನು ಹಂಚನ್ನೂ ಬೆರಳನ್ನೂ ನೋಡುತ್ತ ನಿಂತದ್ದನ್ನು ಮಲ್ಲಿಕಾರ್ಜುನ ನೋಡಿದರು. ಕಸ್ತೂರಿ ಹೊರಗೆ ನೀರು ತುಂಬುತ್ತಿದ್ದಳು. ಅವರು ದನಿ ತಗ್ಗಿಸಿ, "ಅಬ್ಬಿಗೇರಿ ಸೀಮಂತದಿಂದ ಬಂದ ಮ್ಯಾಲೆ ಅದನ್ನ ಕೆಳಗ ಇಳಿಸಿಲ್ರಿ ಅಕ್ಕಾರ. ಕೇಳಿದ್ರ, ನನ್ನ ಕೈ ಸಡ್ಲ ಆಗೇತಿ ಅಂತಾಳ" ಎಂದರು.

ಬೆರಳಿನ ತುಕ್ಕನ್ನು ಸೆರಗಿಗೆ ಒರೆಸಿಕೊಂಡೆ. ಒಂದು ವರ್ಷ! ನಾನು ಒಂದು ನಗುವಿಗಾಗಿ ಆಡಿದ ಮಾತಿಗೆ ಆ ಹುಡುಗಿ ಒಂದು ವರ್ಷ ಹಿಟ್ಟು ಮುಟ್ಟಿಲ್ಲ. ಒಳ್ಳೆಯವರಾಗಿದ್ದರೆ ಆಗಲೇ ಹೊರಗೆ ಹೋಗಿ, ಕೊಡ ಕೈಗೆತ್ತಿಕೊಂಡು, ತಪ್ಪಾಯಿತು ಎನ್ನುತ್ತಿದ್ದರು. ನನಗೆ ಮೊದಲು ಬಂದದ್ದು ಬೇರೆ ಯೋಚನೆ. ರೊಟ್ಟಿ ಮೆತ್ತಗಾಗಲು ಕೈ ಕಾರಣವಲ್ಲದಿದ್ದರೆ ತಪ್ಪು ನನ್ನದು. ಕೈಯೇ ಕಾರಣವಾಗಿದ್ದರೆ ನಾನು ಹೇಳಿದ್ದು ಖರೆ, ಹೇಳಿದ ರೀತಿ ಮಾತ್ರ ಸರಿಯಿಲ್ಲ. ಹೇಗೂ ಅರವತ್ತು ರೊಟ್ಟಿ ಬುಟ್ಟಿಯಲ್ಲಿವೆ. ಅವು ನಿಂತರೆ ನಾನು ಗೆದ್ದೆ. ಗೆದ್ದ ಮೇಲೆ ದೊಡ್ಡ ಮನಸ್ಸು ಮಾಡಿ ಅವಳನ್ನು ಸಮಾಧಾನ ಮಾಡುವುದು ಸುಲಭ. ಬುಟ್ಟಿಯನ್ನು ಚಲೋ ಗಾಳಿ ಬರುವ ಕಡೆ, ಸಮುದ್ರದ ಕಿಟಕಿಯ ಹತ್ತಿರ, ಮೇಲಿನ ಧೋತರ ಸ್ವಲ್ಪ ಸರಿಸಿ ಇಟ್ಟೆ.

ಮುಂಜಾನೆ ಎದ್ದು ಮೊದಲ ರೊಟ್ಟಿ ಎತ್ತಿದೆ. ಅದು ನನ್ನ ಕೈಯ ಎರಡೂ ಬದಿಗೆ ಇಳಿಬಿದ್ದಿತು. ಎರಡನೆಯದು, ಮೂರನೆಯದು, ಬುಟ್ಟಿಯ ತಳದ್ದು, ಎಲ್ಲವೂ ಹಾಗೇ. ಧೋತರ ಯಾವುದು, ರೊಟ್ಟಿ ಯಾವುದು ಎಂದು ಕಣ್ಣು ಮುಚ್ಚಿ ಮುಟ್ಟಿದರೆ ತಿಳಿಯುವಂತಿರಲಿಲ್ಲ. ಕಸ್ತೂರಿ ಚಹಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸರದಿ ಈಗ ಅವಳದಾಗಿತ್ತು. ಅವಳು ಏನೂ ಮಾಡಲಿಲ್ಲ. ಚಹಾ ಇಟ್ಟು, "ನಾಳೆ ಮಧ್ಯಾಹ್ನ ಗಿರಿಜಮ್ಮನ್ನ, ಆಜೂಬಾಜೂದವರನ್ನ ಊಟಕ್ಕ ಕರದೀನಿ ಅಕ್ಕಾ. ಬ್ಯಾಡ ಅನ್ನೂಣೇನು?" ಎಂದಳು. ಅವಳು ನಕ್ಕಿದ್ದರೆ ನಾನು ಬಚಾವಾಗುತ್ತಿದ್ದೆ. "ಯಾಕ ಬ್ಯಾಡ? ನಾಳೆ ಅಂದ್ರ ನಾಳೆ. ಚಟ್ ಅನ್ನೂ ರೊಟ್ಟಿನ ತಿಂತಾರ" ಎಂದೆ. ಚಹಾ ಹಾಗೇ ಬಿಟ್ಟು ಸಮುದ್ರದ ಕಡೆ ನಡೆದೆ.

ಅಲ್ಲಿ ಮೊದಲ ಸಲ ಅದನ್ನು ಎದುರೆದುರು ನೋಡಿದೆ. ದೊಡ್ಡದಿದೆ, ಇಲ್ಲ ಎನ್ನುವುದಿಲ್ಲ. ಆದರೆ ಎಷ್ಟು ಹೊತ್ತು ನೋಡಿದರೂ ಬರುವುದು, ಹೋಗುವುದು, ಬರುವುದು, ಹೋಗುವುದು; ಬಂದ ಕೆಲಸವೇನೆಂದು ಹೇಳುವುದಿಲ್ಲ. ಚಿಕ್ಕನರಗುಂದದ ಕಡೆಯ ಹೊಲಗಳಲ್ಲಿ ಹಿಂಗಾರಿ ಜೋಳ ಎದೆಯೆತ್ತರ ನಿಂತಾಗ ನೋಡಿದರೆ ಅದೂ ಕಣ್ಣು ಮುಟ್ಟುವವರೆಗೆ ಹೀಗೇ ಅಲೆಯಾಡುತ್ತದೆ, ಆಮೇಲೆ ಕಾಳನ್ನೂ ಕೊಡುತ್ತದೆ. ಇದು ಮೀನು ಕೊಡುವುದಿಲ್ಲವೇ ಎಂದು ನೀವು ಕೇಳಬಹುದು. ಆಗ ನನಗೆ ಅಷ್ಟು ನ್ಯಾಯವಾಗಿ ಯೋಚಿಸುವ ಮನಸ್ಸಿರಲಿಲ್ಲ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ನಿಂತು, ಬಾಯಿ ಬಿಟ್ಟೇ ಬೈದೆ. ಬಲೆ ತೊಳೆಯುತ್ತಿದ್ದ ಇಬ್ಬರು ಗಂಡಸರು ನನ್ನನ್ನು ನೋಡಿ, ಫೋನಿನಲ್ಲಿ ಮಾತಾಡುತ್ತಿದ್ದಾರೆ ಎಂದುಕೊಂಡು ಸುಮ್ಮನಾದರು.

ಅವತ್ತೇ ಮಲ್ಲಿಕಾರ್ಜುನ ನಮ್ಮನ್ನು ಊರ ಹಿಂದಿನ ಗುಡ್ಡಕ್ಕೆ ಕರೆದುಕೊಂಡು ಹೋಗುವವರಿದ್ದರು. ಗುಡ್ಡ ಎಂದ ಕೂಡಲೇ ನನ್ನ ತಲೆಯಲ್ಲಿ ದೀಪ ಹತ್ತಿತು. ನಮ್ಮ ಗಜೇಂದ್ರಗಡದ ಗುಡ್ಡದ ಮೇಲೆ ನಿಂತರೆ ಒಣ ಗಾಳಿ ಸೆರಗನ್ನು ಕಿತ್ತುಕೊಂಡು ಹೋಗುತ್ತದೆ. ಕರೆಂಟು ತೆಗೆಯುವ ಗಾಳಿಯ ಫಂಕಾಗಳು ಅಲ್ಲಿ ಸುಮ್ಮನೆ ತಿರುಗುತ್ತವೆಯೇ? ಗುಡ್ಡ ಎಲ್ಲಿದ್ದರೂ ಗುಡ್ಡವೇ. ಬುಟ್ಟಿಯನ್ನು ಕಾರಿನಲ್ಲಿ ಇಟ್ಟುಕೊಂಡೆ. "ಅಲ್ಲಿ ತಿನ್ನಾಕ ಬ್ಯಾರೆ ಒಯ್ಯಾಕತ್ತೀವಲ್ರಿ ಅಕ್ಕಾರ" ಎಂದರು ಮಲ್ಲಿಕಾರ್ಜುನ. "ಇವು ತಿನ್ನಾಕಲ್ಲ, ಹವಾ ತಗೊಳ್ಳಾಕ ಬರಾಕತ್ತಾವ" ಎಂದೆ. ಕಸ್ತೂರಿ ಮುಖ ತಿರುಗಿಸಿ ಕಿಟಕಿಯಾಚೆ ನೋಡತೊಡಗಿದಳು. ಅವಳ ಭುಜ ಸ್ವಲ್ಪ ಅಲುಗುತ್ತಿತ್ತು.

ದಾರಿ ಚಂದವಿತ್ತು. ಇಷ್ಟಾದರೂ ಸುಳ್ಳು ಹೇಳಲಾರೆ. ಒಂದೊಂದು ತಿರುವಿಗೂ ಕೆಳಗೆ ಹೊಳೆ ಸಮುದ್ರ ಸೇರುವ ಜಾಗ, ಬಣ್ಣದ ಬೋಟುಗಳು, ತೆಂಗಿನ ತಲೆಗಳು ಕಾಣುತ್ತಿದ್ದವು. ಮೇಲೆ ಹೋದಂತೆ ಹುಲ್ಲಿನ ಬೋಳು ಗುಡ್ಡಗಳು ಒಂದರ ಹಿಂದೆ ಒಂದು ನಿಂತಿದ್ದವು. ಆದರೆ ನನ್ನ ಗಮನವೆಲ್ಲ ಬುಟ್ಟಿಯ ಮೇಲೆ. ತುದಿಯಲ್ಲಿ ಇಳಿದು, ಬಂಡೆಯ ಮೇಲೆ ಧೋತರ ಹಾಸಿ, ರೊಟ್ಟಿಗಳನ್ನು ಒಂದೊಂದಾಗಿ ಹರವಿದೆ. ಪ್ರವಾಸಕ್ಕೆ ಬಂದ ಕೆಲವರು ಅದರ ಫೋಟೋ ತೆಗೆದುಕೊಂಡರು. ಗಾಳಿಯೇನೋ ಬಂತು. ಗಾಳಿಯ ಹಿಂದೆ ಕಣಿವೆಯಿಂದ ಒಂದು ಮೋಡ ಎದ್ದು ಬಂದು, ಅಷ್ಟು ದೊಡ್ಡ ಗುಡ್ಡದಲ್ಲಿ ಬೇರೆ ಜಾಗವೇ ಇಲ್ಲವೆನ್ನುವಂತೆ ನನ್ನ ರೊಟ್ಟಿಗಳ ಮೇಲೆ ಕೂತಿತು. ಅರ್ಧ ತಾಸಿನ ಬಳಿಕ ಅದು ಎದ್ದು ಹೋದಾಗ ರೊಟ್ಟಿಗಳ ಮೇಲೆ ಸಣ್ಣ ಹನಿಗಳಿದ್ದವು. ಅಲ್ಲೇ ಇದ್ದ ಚಹಾದಂಗಡಿಗೆ ಹೋಗಿ ಕೂತೆ. ಅಂಗಡಿಯವನು ಗಾಜಿನ ಭರಣಿಯ ಮುಚ್ಚಳ ತೆಗೆದು, ಬಾಳೆಕಾಯಿ ಚಿಪ್ಸ್ ಕೈಗೆ ಹಾಕಿ, ತೆಗೆದಷ್ಟೇ ಬೇಗ ಮುಚ್ಚಳ ತಿರುಗಿಸಿ ಬಿಗಿ ಮಾಡಿದ. "ಮುಚ್ಚದೆ ಇಟ್ರೆ ಮುಗೀತು ಅಮ್ಮಾ. ನಮ್ಮ ಕಡೆ ಗಾಳಿಯಲ್ಲೇ ನೀರು ಉಂಟಲ್ಲ" ಎಂದ. ಅಂಗಡಿಯ ತುಂಬ ನೋಡಿದೆ: ಚಕ್ಕುಲಿಗೆ ಮುಚ್ಚಳ, ಬಿಸ್ಕೀಟಿಗೆ ಮುಚ್ಚಳ, ಸಕ್ಕರೆಗೆ ಮುಚ್ಚಳ. ಮುಚ್ಚಳವಿಲ್ಲದೆ ಆ ಗುಡ್ಡ ಹತ್ತಿದ ಪದಾರ್ಥವೆಂದರೆ ನನ್ನ ಬುಟ್ಟಿಯೊಂದೇ. ಕಸ್ತೂರಿ ನನ್ನ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಅವಳು ಪಡುತ್ತಿದ್ದ ಕಷ್ಟ ಮಾತ್ರ ನನಗೆ ಕಾಣುತ್ತಿತ್ತು.

ಇಲ್ಲಿಗೆ ಬುದ್ಧಿಯಿದ್ದವರು ಸೋಲು ಒಪ್ಪಿಕೊಳ್ಳುತ್ತಾರೆ. ನಾನು ಭಾನುವಾರ ಮುಂಜಾನೆ ಬುಟ್ಟಿ ಹೊತ್ತುಕೊಂಡು ಗಿರಿಜಮ್ಮನ ಅಂಗಳಕ್ಕೆ ಇಳಿದೆ. ಹಂಚಿನ ಮೇಲೆ ಮತ್ತೆ ಬಿಸಿ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಹಂಚು ಇಳಿಸಿಕೊಡು ಎಂದು ಕಸ್ತೂರಿಯ ಹತ್ತಿರ ಕೇಳಲು ನನಗೆ ಬಾಯಿ ಇರಲಿಲ್ಲ. ಸಿಮೆಂಟು ಆಗಲೇ ಬಿಸಿಲಿಗೆ ಕಾಯುತ್ತಿತ್ತು. ಗಿರಿಜಮ್ಮ ಒಂದು ಬದಿಗೆ ಬಲೆ ಹಾಸಿ ಬಂಗಡೆ, ಸೀಗಡಿ ಹರವುತ್ತಿದ್ದಳು. "ಎಂತ ಅಮ್ಮಾ ಇದು, ಹಪ್ಪಳವಾ?" ಎಂದಳು. "ರೊಟ್ಟಿ" ಎಂದೆ. ಅವಳು ಒಂದನ್ನು ಎತ್ತಿ, ತಿರುಗಿಸಿ, ಬಗ್ಗಿಸಿ ನೋಡಿ, ಬೇನೆಯವರನ್ನು ನೋಡುವ ಹಾಗೆ ನನ್ನನ್ನು ನೋಡಿದಳು. "ಇಲ್ಲೇ ಹಾಕಿ, ಅಡ್ಡಿಲ್ಲ. ಮಧ್ಯಾಹ್ನದೊಳಗೆ ಒಣಗ್ತದೆ. ಕಾಗೆ ನಾನು ನೋಡ್ತೆ" ಎಂದು ಜಾಗ ಮಾಡಿಕೊಟ್ಟಳು. ಮೀನಿನ ಬಲೆಗೂ ನನ್ನ ಧೋತರಕ್ಕೂ ನಡುವೆ ಎರಡು ಮೊಳ ಅಂತರ ಬಿಟ್ಟು ಮಡಿ ಉಳಿಸಿಕೊಂಡೆ.

ಹೀಗೆ ಜೀವನದಲ್ಲಿ ಮೀನು ಮುಟ್ಟದ ನಾನು ಒಂದು ಮುಂಜಾನೆ ಪೂರ್ತಿ ಕೈಯಲ್ಲಿ ಕೋಲು ಹಿಡಿದು ಒಣಮೀನಿನ ಅಂಗಳ ಕಾದೆ. ಕಾಗೆ, ಕೊಕ್ಕರೆ, ಬೆಕ್ಕು, ಮೂರು ಕಡೆಯಿಂದಲೂ ದಾಳಿ. ಒಂದು ಕಾಗೆ ಅಷ್ಟು ಬಂಗಡೆಯನ್ನು ದಾಟಿ ಬಂದು ನನ್ನ ರೊಟ್ಟಿಯೊಂದನ್ನೇ ಎತ್ತಿಕೊಂಡು ಹೋಯಿತು. ಓಡಿಸಬೇಕಾದವಳು, ಓಡಿಸುವುದು ಬಿಟ್ಟು ಹೆಮ್ಮೆಯಿಂದ ಗಿರಿಜಮ್ಮನ ಕಡೆ ನೋಡಿದೆ. ಹನ್ನೆರಡರ ಹೊತ್ತಿಗೆ ರೊಟ್ಟಿಗಳು ಸೆಟೆದು ನಿಂತಿದ್ದವು. ಒಂದನ್ನು ಮುರಿದೆ. ಚಟ್! ಆ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು. ತುಂಡನ್ನು ಬಾಯಿಯ ಹತ್ತಿರ ಒಯ್ದೆ, ಒಯ್ದ ಕೈ ಅಲ್ಲೇ ನಿಂತಿತು. ಗಾಳಿ ಮುಂಜಾನೆಯಿಂದ ಮೀನಿನ ಕಡೆಯಿಂದ ನನ್ನ ಕಡೆಗೆ ಬೀಸಿತ್ತು. ನಾನು ಬಿಟ್ಟ ಎರಡು ಮೊಳ ಅಂತರ ಅದಕ್ಕೆ ಗೊತ್ತಿರಲಿಲ್ಲ. ಐವತ್ತೊಂಬತ್ತು ರೊಟ್ಟಿಗೂ ಒಣ ಬಂಗಡೆಯ ವಾಸನೆ ಹತ್ತಿತ್ತು.

ಬೇರೆ ದಾರಿಯಿರಲಿಲ್ಲ. ಮಹಡಿಯ ಮೇಲೆ ಎಲೆ ಹಾಕಿಯಾಗಿತ್ತು. ಗಿರಿಜಮ್ಮ, ಆಚೀಚೆ ಮನೆಯ ಮೂವರು ಹೆಂಗಸರು ಬಂದು ಕೂತಿದ್ದರು. ಕಸ್ತೂರಿ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿದಳು. ನಾನು ರೊಟ್ಟಿ ಬಡಿಸಿದೆ. ಎಲ್ಲರೂ ಮುರಿದರು, ಚಟ್ ಚಟ್ ಎಂದಿತು. ತಿಂದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ನೆಲ ನೋಡುತ್ತ ನಿಂತೆ. "ಅಯ್ಯೋ, ಎಂತ ರುಚಿ ಮಾರಾಯ್ತಿ!" ಎಂದಳು ಗಿರಿಜಮ್ಮ. "ಜೋಳದ್ದು ಚಪ್ಪೆ ಇರ್ತದೆ ಅಂತ ಯಾರೋ ಹೇಳಿದ್ರು, ಇದು ನಮ್ಮ ಊಟದ ಹಾಗೇ ಉಂಟು!" ಇನ್ನೆರಡು ಹಾಕಿಸಿಕೊಂಡಳು. ಉಳಿದವರೂ ಹಾಕಿಸಿಕೊಂಡರು. ಮೂವತ್ತು ವರ್ಷ ಹಂಚಿನ ಮುಂದೆ ಬೆವರು ಸುರಿಸಿದ್ದಕ್ಕೆ ನನಗೆ ಸಿಕ್ಕ ಅತ್ಯಂತ ದೊಡ್ಡ ಹೊಗಳಿಕೆ ಬಂಗಡೆಗೆ ಸಲ್ಲಬೇಕಾಗಿತ್ತು. ಕಸ್ತೂರಿ ಒಂದು ತುಂಡನ್ನು ಮೂಗಿನ ಹತ್ತಿರ ಹಿಡಿದು, ಸದ್ದಿಲ್ಲದೆ ಎಲೆಯ ಬದಿಗಿಟ್ಟು, ನನ್ನನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

ಅಷ್ಟರಲ್ಲಿ ಗಿರಿಜಮ್ಮ, ಕೆಟ್ಟ ಮನಸ್ಸು ಒಂದಿಷ್ಟೂ ಇಲ್ಲದೆ, "ಅಲ್ಲ ಕಸ್ತೂರಿ, ನಿನ್ನ ಅಕ್ಕ ಇಷ್ಟು ಚಂದ ಮಾಡ್ತಾರೆ, ನೀನು ಯಾಕೆ ಒಂದು ದಿನವೂ ನಮಗೆ ಮಾಡಿ ಕೊಡಲಿಲ್ಲ? ನಿನಗೆ ಬರೂದಿಲ್ವಾ?" ಎಂದಳು. ಕಸ್ತೂರಿ ಮೊಸರಿನ ಪಾತ್ರೆ ಕೆಳಗಿಟ್ಟಳು. ಅವಳು ಬಾಯಿ ತೆರೆದರೆ ಸಾಕಿತ್ತು. ಈ ರುಚಿ ಅಕ್ಕನ ಕೈಯದಲ್ಲ, ಬಂಗಡೆಯದು ಎಂದು ಒಂದು ಮಾತು ಹೇಳಿದ್ದರೆ ಇಡೀ ಪಂಕ್ತಿ ನಗುತ್ತಿತ್ತು, ಅಬ್ಬಿಗೇರಿಯದಕ್ಕೂ ಇದಕ್ಕೂ ಸರಿಯಾಗುತ್ತಿತ್ತು. ಅವಳು ಸೆರಗು ಸರಿ ಮಾಡಿಕೊಂಡು, "ಇಲ್ರಿ, ನನಗ ಅಷ್ಟು ಚಲೋ ಬರೂದಿಲ್ಲ. ನಮ್ಮಕ್ಕನ ಕೈನ ಬ್ಯಾರೆರಿ" ಎಂದಳು.

ನನಗೆ ತಡೆಯಲಾಗಲಿಲ್ಲ. ತಪ್ಪಾಯಿತು ಎನ್ನುವ ಮಾತು ಗಂಟಲವರೆಗೆ ಬಂತು. ಅಲ್ಲಿಂದ ಮೇಲೆ ಬರುವ ದಾರಿ ಅದಕ್ಕೆ ರೂಢಿಯಿರಲಿಲ್ಲ. ಹೊರಗೆ ಬಂದದ್ದೇ ಬೇರೆ. "ಆಕಿಗ ಬರ್ತೇತ್ರಿ!" ಎಂದು ಕೂಗಿದೆ. "ನನಗಿಂತ ಚಲೋ ಬರ್ತೇತಿ. ಕಲಿಸಿದಾಕಿ ನಾನು, ನನಗ ಗೊತ್ತೈತಿ. ಆಕಿ ಕೈಯಾಗ ಏನೂ ತಪ್ಪಿಲ್ಲ, ಹಿಟ್ಟಿನಾಗ ತಪ್ಪಿಲ್ಲ, ನೀರಿನಾಗ ತಪ್ಪಿಲ್ಲ. ತಪ್ಪು ನಿಮ್ಮ ಸಮುದ್ರದ್ದು! ಇಡೀ ದಿನ ಹಸೀ ಉಸಿರು ಬಿಡ್ತೇತಿ, ಮಂದಿ ಮನಿಯೊಳಗಿನ ರೊಟ್ಟಿ ಕೆಡಸ್ತೇತಿ, ಅದಕ್ಕ ಯಾರೂ ಒಂದು ಮಾತು ಹೇಳೂದಿಲ್ಲ! ಬಡಪಾಯಿ ಹುಡುಗಿಗೆ ಕೆಟ್ಟ ಹೆಸರು ಬಂತು!" ಹೆಸರು ಇಟ್ಟವರು ಯಾರು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಒಬ್ಬಳನ್ನು ಬಿಟ್ಟು. ಗಿರಿಜಮ್ಮ ಬಾಯಲ್ಲಿದ್ದ ರೊಟ್ಟಿ ಅಗಿಯುವುದನ್ನು ನಿಲ್ಲಿಸಿ, ಕಿಟಕಿಯಾಚೆ ಒಮ್ಮೆ ನೋಡಿ, "ಹೌದು, ಅದರದು ಸ್ವಲ್ಪ ಹೆಚ್ಚೇ" ಎಂದು ಒಪ್ಪಿಕೊಂಡಳು. ಅವಳು ದೊಡ್ಡ ಮನಸ್ಸಿನವಳು.

ಎಲೆ ಎತ್ತಿದ ಮೇಲೆ ನಾನು ಪಾತ್ರೆ ತಿಕ್ಕುತ್ತಿದ್ದೆ, ಕಸ್ತೂರಿ ತೊಳೆಯುತ್ತಿದ್ದಳು.  ಅವಳು ತಲೆ ಎತ್ತದೆ, "ಅಲ್ಲ ಅಕ್ಕಾ, ನನಗ ಒಂದ್ ಮಾತು ಹೇಳಾಕ ನೀ ಇಡೀ ಸಮುದ್ರನ ಬೈಬೇಕಾತೇನ?" ಎಂದಳು. "ಅದು ಬೈಸ್ಕೊಳ್ಳಾಕ ಸಾಕಷ್ಟು ದೊಡ್ಡದೈತಿ" ಎಂದೆ. ಅವಳು ನಗತೊಡಗಿದಳು. ಗುಡ್ಡದ ಮೇಲಿನ ಮೋಡದಿಂದ ಹಿಡಿದು ಬಂಗಡೆಯವರೆಗೆ ಎರಡು ದಿನ ಅದುಮಿಟ್ಟ ನಗು ಅದು, ಒದ್ದೆ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ನನಗೂ ನಗು ಬಂತು. ಆದರೆ ನಾನು ಹಿರಿಯಳು, ಬೇಗ ನಿಲ್ಲಿಸಿದೆ.

ಸೋಮವಾರ ನನ್ನ ಬಸ್ಸು. ಬೆಳಗಾಗುತ್ತಿದ್ದಂತೆ ಅಡುಗೆಮನೆಯಿಂದ ಸಪ್ಪಳ ಕೇಳಿ ಎಚ್ಚರವಾಯಿತು. ಟಪ್ ಟಪ್ ಟಪ್, ನಡುವೆ ಒಂದು ಕ್ಷಣ ತಡೆದು ಮತ್ತೆ ಟಪ್ ಟಪ್. ಹಿಟ್ಟು ತಿರುಗಿಸುವಾಗ ಹಾಗೆ ತಡೆಯುವುದು ನನ್ನಿಂದ ಅವಳಿಗೆ ಬಂದ ಚಟ. ಎದ್ದು ಹೋಗಿ ನೋಡಿದೆ. ಗೋಡೆಯ ಮೊಳೆ ಖಾಲಿಯಿತ್ತು. ಹಂಚನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ಕಪ್ಪಗೆ ಮಾಡಿದ್ದಳು. ನನ್ನನ್ನು ಕಂಡು, "ಕುಂದ್ರು. ಇಲ್ಲಿ ಒಣಗಿಸಿ ಇಡಾಕ ಆಗೂದಿಲ್ಲ, ಮಾಡಿದಂಗ ತಿಂದು ಬಿಡೂದು" ಎಂದು ಹಂಚಿನಿಂದಲೇ ಒಂದನ್ನು ನನ್ನ ತಾಟಿಗೆ ಎಸೆದಳು. ಬಿಸಿ ರೊಟ್ಟಿ, ಉಬ್ಬಿ ಆವಿ ಬಿಡುತ್ತಿತ್ತು, ಎತ್ತಿದರೆ ಸೆರಗಿನ ಹಾಗೆ ಬಗ್ಗುತ್ತಿತ್ತು. ಮೇಲೆ ಬೆಣ್ಣೆ ಹಾಕಿದಳು. ಹಲ್ಲಿಲ್ಲದವರು ತಿನ್ನುವ ರೊಟ್ಟಿ ಇದು ಎಂದು ಸಾವಿರ ಮಂದಿಯ ಮುಂದೆ ಹೇಳಿದವಳು ನಾನು. ಒಂದು ತಿಂದೆ. ಎರಡು ತಿಂದೆ. ಅವಳು ಹಾಕುತ್ತ ಹೋದಳು, ನಾನು ತಿನ್ನುತ್ತ ಹೋದೆ. ಐದನೆಯದನ್ನು ಹಾಕಿ, ಹಿಟ್ಟಿನ ಕೈಯನ್ನು ಹಾಗೇ ತಡೆದು ನಿಲ್ಲಿಸಿ, ಎಷ್ಟೋ ವರ್ಷದ ಹಿಂದೆ ಮೊದಲ ರೊಟ್ಟಿ ಬಡಿದಾಗ ಕೇಳಿದ ದನಿಯಲ್ಲೇ ಕೇಳಿದಳು: "ಹ್ಯಾಂಗ ಆಗ್ಯಾವ ಅಕ್ಕಾ?" ಬಾಯಿ ತೆರೆದರೆ ಎಲ್ಲಿ ತಪ್ಪಾಯಿತು ಎನ್ನುವ ಆ ಒಂದು ಮಾತು ಹೊರಬಿದ್ದುಬಿಡುತ್ತದೋ ಎಂದು ಹೆದರಿಕೆಯಾಯಿತು. ತುಟಿ ಬಿಗಿ ಹಿಡಿದು, ಆರನೆಯದಕ್ಕೆ ತಾಟು ಮುಂದೆ ಚಾಚಿದೆ.